ಕೆರೆಯ ಬಾಯಿ ರಿಪೇರಿ: ಒಂದು ಜಾಲರಿ, ಒಂದು ಹೂಳುಗುಂಡಿ, ಏಳು ಗುಂಟೆ ಜೊಂಡು

ಮೊದಲೇ ಹೇಳಿಬಿಡುತ್ತೇನೆ, ಕೆರೆಯ ಹೆಸರು ಬರೆಯುವುದಿಲ್ಲ. ಅದರ ಒಂದು ಮೂಲೆಯ ವ್ಯಾಜ್ಯ ಇನ್ನೂ ಮುಗಿದಿಲ್ಲ. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ 12 ಎಕರೆಯ ಕೆರೆ ಅಂದರೆ ಸಾಕು. ನಾನು ಪೀಣ್ಯದಲ್ಲಿ 26 ವರ್ಷ ಫ್ಯಾಬ್ರಿಕೇಶನ್ ಕೆಲಸ ಮಾಡಿ ರಿಟೈರ್ ಆದವನು. ಕೆರೆ ಟ್ರಸ್ಟಿಗೆ ಸೇರಿದಾಗ ಗಿಡ ನೆಡಿಸುತ್ತಾರೆ, ಹಕ್ಕಿ ತೋರಿಸುತ್ತಾರೆ ಅಂದುಕೊಂಡಿದ್ದೆ. ಮೊದಲ ಭಾನುವಾರವೇ ಕೈಗೆ ಹಾರೆ ಕೊಟ್ಟರು.

ಟ್ರಸ್ಟ್ ಅಂದರೆ ಕೆರೆ ನಮ್ಮದು ಅಂತ ಕೆಲವರು ತಿಳಿದುಕೊಳ್ಳುತ್ತಾರೆ. ಅಮೆರಿಕದಂಥ ಕಡೆ ಲ್ಯಾಂಡ್ ಟ್ರಸ್ಟ್ ಮಾಡಿಕೊಂಡವರು ದುಡ್ಡು ಸೇರಿಸಿ ಕೆರೆ ಸುತ್ತಲಿನ ಜಮೀನನ್ನೇ ಕೊಳ್ಳುತ್ತಾರೆ. ಇಲ್ಲದಿದ್ದರೆ ಇಲ್ಲಿ ಕಟ್ಟಡ ಕಟ್ಟುವುದಿಲ್ಲ ಅಂತ ಮಾಲೀಕರಿಂದ ಕರಾರು ಬರೆಸಿಕೊಳ್ಳುತ್ತಾರೆ. ನಮ್ಮಲ್ಲಿ ಕೆರೆ ಸರ್ಕಾರದ್ದು, ಕೊಳ್ಳುವ ಮಾತೇ ಇಲ್ಲ. ಸಿಗುವುದು ನೋಡಿಕೊಳ್ಳುವ ಅನುಮತಿ ಮಾತ್ರ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯವರು 2010ರಲ್ಲಿ ಟ್ರಸ್ಟ್ ಮಾಡಿ, 2011ರಲ್ಲಿ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡರು. ಬೆಂಗಳೂರಿನಲ್ಲಿ ಹಾಗೆ ಒಂದು ಕೆರೆಯನ್ನು ವಹಿಸಿಕೊಂಡ ಮೊದಲ ನಾಗರಿಕರ ಗುಂಪು ಅವರದು. ನಾವು ಅವರನ್ನು ನೋಡಿ ಶುರು ಮಾಡಿದವರು. ನಮ್ಮ ಕೈಯಲ್ಲಿ ಒಂದು ಅನುಮತಿ ಪತ್ರ ಇದೆ, ಒಂದು ಶೆಡ್ಡಿನ ಬೀಗದಕೈ ಇದೆ. ಆಸ್ತಿ ಅಷ್ಟೇ.

ಕೆಳಗಿರುವುದು ಎರಡು ವರ್ಷದ ಕೆಲಸದ ನೋಟು. ಬೇರೆ ಕೆರೆಯವರಿಗೆ ನಮ್ಮ ತಪ್ಪುಗಳಾದರೂ ಉಪಯೋಗಕ್ಕೆ ಬರಲಿ ಅಂತ ಸ್ವಲ್ಪ ತಿದ್ದಿ ಬರೆದಿದ್ದೇನೆ.

2022 ಸೆಪ್ಟೆಂಬರ್

4ನೇ ತಾರೀಖಿನ ರಾತ್ರಿಯ ಮಳೆ ಬೆಂಗಳೂರಿನವರಿಗೆ ನೆನಪಿರಬೇಕು. ಆಮೇಲೆ ಔಟರ್ ರಿಂಗ್ ರೋಡಿನ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ನಮ್ಮ ಕೆರೆಗೆ ನೀರು ತರುವ ಕಾಲುವೆ ಎಂಟು ಅಡಿ ಅಗಲ, ಐದಡಿ ಆಳ. ಕೆರೆ ಸೇರುವ ಕಡೆ ಯಾರೋ ಕಂಟ್ರಾಕ್ಟರ್ ಹಿಂದೆ ಕಬ್ಬಿಣದ ಜಾಲರಿ ನಿಲ್ಲಿಸಿದ್ದರು. ಗೇಟಿನ ಹಾಗೆ ನೆಟ್ಟಗೆ, ಪೂರ್ತಿ ಎತ್ತರಕ್ಕೆ, ಒಂದಿಂಚು ಸಂದಿ ಬಿಟ್ಟು. ನೋಡಲು ಚೆಂದ.

ಗಣೇಶನ ಹಬ್ಬ ಮುಗಿದು ನಾಲ್ಕು ದಿನ ಆಗಿತ್ತು. ಮಂಟಪದ ಥರ್ಮಾಕೋಲು, ಬಾಳೆಕಂದು, ಹಾರ, ಹಾಲಿನ ಪ್ಯಾಕೆಟ್ಟು, ಒಂದು ತಲೆದಿಂಬು ಎಲ್ಲ ಬಂದು ಜಾಲರಿಗೆ ಅಂಟಿಕೊಂಡವು. ಹತ್ತು ನಿಮಿಷದಲ್ಲಿ ಜಾಲರಿ ಗೋಡೆಯಾಯಿತು. ನೀರು ಹಿಂದಕ್ಕೆ ಏರಿ ಬೀದಿಗೆ ನುಗ್ಗಿತು. ರಾತ್ರಿ ಒಂದು ಗಂಟೆಗೆ ಬೀದಿಯ ಹುಡುಗರು ಗಡಾರಿ ಹಾಕಿ ಜಾಲರಿಯನ್ನು ಕಿತ್ತು ಬಿಸಾಡಿದರು. ನಮ್ಮ ಗುಂಪಿನಲ್ಲಿ ಕೆಲವರಿಗೆ ಕೋಪ ಬಂತು. ನನಗೆ ಬರಲಿಲ್ಲ. ಮನೆಗೆ ನೀರು ನುಗ್ಗುತ್ತಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಬೆಳಿಗ್ಗೆ ಹೋಗಿ ನೋಡಿದರೆ ಕೆರೆಯ ಮೇಲೆ ಬಿಳಿ ಬಿಳಿ. ದೂರದಿಂದ ಬೆಳ್ಳಕ್ಕಿ ಅನ್ನಬೇಕು. ಎಲ್ಲ ಥರ್ಮಾಕೋಲು.

ಅಕ್ಟೋಬರ್, ನವೆಂಬರ್: ಹೊಸ ಜಾಲರಿ

ಜಾಲರಿ ಕಸ ಹಿಡಿದರೆ ಸಾಲದು, ನೀರು ಬಿಡಬೇಕು. ಕಟ್ಟಿಕೊಂಡಾಗಲೂ ಬಿಡಬೇಕು. ಇಷ್ಟನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ಶೆಡ್ಡಿನಲ್ಲಿ ಅಂಟಿಸಿ, ಆಮೇಲೆ ಡ್ರಾಯಿಂಗ್ ಮಾಡಿದೆ.

ಈ ಸಲ ಜಾಲರಿಯನ್ನು 45 ಡಿಗ್ರಿಗೆ ಮಲಗಿಸಿದೆವು. ನೀರು ತಳ್ಳಿದಾಗ ಕಸ ಸಲಾಕೆಯ ಮೇಲೆ ಜಾರುತ್ತಾ ಮೇಲಕ್ಕೆ ಹೋಗುತ್ತದೆ, ಕೆಳಗೆ ಸಂದಿ ಬಿಟ್ಟುಕೊಂಡೇ ಇರುತ್ತದೆ. ಎತ್ತರ ಮೂರೂವರೆ ಅಡಿಗೆ ನಿಲ್ಲಿಸಿದೆವು. ಕಾಲುವೆಯ ಗೋಡೆ ಐದಡಿ ಇದೆ. ಅಂದರೆ ಎಲ್ಲ ಕಟ್ಟಿಕೊಂಡರೂ ನೀರು ಒಂದೂವರೆ ಅಡಿ ಜಾಗದಲ್ಲಿ ಜಾಲರಿ ಹತ್ತಿ ದಾಟಿಕೊಳ್ಳುತ್ತದೆ, ಬೀದಿಗೆ ಹೋಗುವುದಿಲ್ಲ. ಆಗ ಕಸವೂ ದಾಟುತ್ತದೆ, ದಾಟಲಿ.

ದುಂಡು ಸರಳು ಬೇಡ ಅಂತ ಹಟ ಹಿಡಿದೆ. ದುಂಡು ಸರಳಿಗೆ ಬಟ್ಟೆ ಸುತ್ತಿಕೊಂಡರೆ ಬಿಡುವುದಿಲ್ಲ. 50 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಅಂಚು ಮೇಲೆ ಬರುವಂತೆ ನಿಲ್ಲಿಸಿದೆವು. ಸಂದಿ ಮೂರಿಂಚು. ಒಂದಿಂಚು ಇಟ್ಟರೆ ಕಡ್ಡಿ, ಎಲೆ ಎಲ್ಲ ಹಿಡಿದು ಬೇಗ ಕಟ್ಟುತ್ತದೆ. ಮೂರಿಂಚಿಗೆ ಹಾಲಿನ ಪ್ಯಾಕೆಟ್ಟು ತಪ್ಪಿಸಿಕೊಳ್ಳುತ್ತದೆ ನಿಜ. ಅದಕ್ಕೆ ಕೆರೆಯೊಳಗೆ ಖಾಲಿ ನೀಲಿ ಡ್ರಮ್ಮುಗಳನ್ನು ಹಗ್ಗದಲ್ಲಿ ಪೋಣಿಸಿ ಒಂದು ತೇಲುವ ಬೇಲಿ ಹಾಕಿದೆವು. ತೇಲುವುದು ಅಲ್ಲಿ ನಿಲ್ಲುತ್ತದೆ.

ಒಟ್ಟು 28 ಪಟ್ಟಿ, ಫ್ರೇಮು ಸೇರಿ 190 ಕೆ.ಜಿ. ಚಿಲ್ಲರೆ. ನಾಲ್ಕು ಭಾಗ ಮಾಡಿದೆವು, ಒಂದೊಂದನ್ನು ಇಬ್ಬರು ಎತ್ತಬಹುದು. ಫ್ರೇಮಿಗೆ ಚೌಕ ಪೈಪು ಹಾಕೋಣ ಅಂದ ವೆಲ್ಡರ್ ಭಾಯ್. ಬೇಡ ಅಂದೆ. ತುಕ್ಕು ಹಿಡಿಯದಂತೆ ಸತುವಿನಲ್ಲಿ ಅದ್ದಿ ಗ್ಯಾಲ್ವನೈಸ್ ಮಾಡಿಸುವಾಗ ಪೈಪಿನೊಳಗೆ ಸಿಕ್ಕಿದ ಗಾಳಿಗೆ ದಾರಿ ಇರದಿದ್ದರೆ ಬಿಸಿ ಸತುವಿನ ತೊಟ್ಟಿಯಲ್ಲಿ ಅದು ಸಿಡಿಯುತ್ತದೆ. ತೂತು ಹೊಡೆಯಬಹುದು, ಆದರೆ ಆ ತೂತಿನಲ್ಲೇ ಆಮೇಲೆ ಕೊಳಚೆ ನಿಂತು ತುಕ್ಕು ಶುರುವಾಗುತ್ತದೆ. ಎಲ್ ಆಕಾರದ ಆಂಗಲ್ ಹಾಕಿದೆವು.

ಗ್ಯಾಲ್ವನೈಸ್ ಬೇಡ, ಬರೀ ರೆಡ್ ಆಕ್ಸೈಡ್ ಬಣ್ಣ ಬಳಿದು ಮುಗಿಸೋಣ, ದುಡ್ಡು ಉಳಿಯುತ್ತದೆ ಅಂತ ಖಜಾಂಚಿ ಮೇಡಂ ಕೇಳಿದರು. ಬ್ಯಾಂಕಿನಲ್ಲಿದ್ದವರು, ಒಂದೊಂದು ರೂಪಾಯಿಗೂ ಲೆಕ್ಕ ಬೇಕು ಅವರಿಗೆ. ಹಳೇ ಜಾಲರಿಯ ಒಂದು ತುಂಡು ತಂದು ಮೇಜಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿದೆ. ಪದರ ಪದರವಾಗಿ ಉದುರಿತು. "ಆಯ್ತು ಬಿಡಿ ಸರ್, ಮಾಡ್ಸಿ. ಮೇಜು ಮಾತ್ರ ನೀವೇ ಒರೆಸಿ" ಅಂದರು.

ಬೋಲ್ಟು ಎಲ್ಲೂ ಇಲ್ಲ. ಬೋಲ್ಟು ಇದ್ದರೆ ಸ್ಪ್ಯಾನರ್ ತಂದು ಬಿಚ್ಚಿ ಗುಜರಿಗೆ ಹಾಕುತ್ತಾರೆ. ಭಾಗಗಳು ಸಿ ಚಾನೆಲ್ಲಿನೊಳಗೆ ಕೂರುತ್ತವೆ, ಮೇಲೆ ಒಂದು ಪಿನ್ನು, ಪಿನ್ನಿಗೆ ಬೀಗ.

ಕಸ ಎಳೆಯುವ ಕೊಕ್ಕೆಯನ್ನೂ ನಾವೇ ಮಾಡಿದೆವು. ದಂತಾಳೆಯ ಹಾಗೆ, ಹಲ್ಲುಗಳು ಸರಿಯಾಗಿ ಪಟ್ಟಿಗಳ ನಡುವಿನ ಸಂದಿಗೆ ಇಳಿಯುವಂತೆ. ಮೊದಲು ಒಂದಿಂಚಿನ ಜಿಐ ಪೈಪಿನ ಹಿಡಿ ಹಾಕಿದೆ. ಹತ್ತು ಸಲ ಎಳೆದರೆ ಭುಜ ಬಿದ್ದುಹೋಗುತ್ತದೆ. ಬಿದಿರಿಗೆ ಬದಲಾಯಿಸಿದೆ. ಇದನ್ನು ಮೊದಲೇ ಯೋಚಿಸಬೇಕಿತ್ತು, ಅಲ್ವಾ?

2023 ಜನವರಿ: ಹೂಳುಗುಂಡಿ

ಜಾಲರಿಯ ಹಿಂದೆ ಒಂದು ಸಿಲ್ಟ್ ಟ್ರ್ಯಾಪ್ ಇದೆ ಅಂತ ಕಡತದಲ್ಲಿತ್ತು. ಜಾಗದಲ್ಲಿ ಬರೀ ಹುಲ್ಲು. ಹಾರೆಯಿಂದ ಕುಕ್ಕಿ ನೋಡಿದರೆ ಕಾಂಕ್ರೀಟ್ ಗೋಡೆ ಸಿಕ್ಕಿತು. ಗುಂಡಿ ಇತ್ತು. ಕಟ್ಟಿದ ಮೇಲೆ ಯಾರೂ ಒಮ್ಮೆಯೂ ಬರಿದು ಮಾಡಿರಲಿಲ್ಲ, ಅಷ್ಟೇ. ಮಾಡುವುದಾದರೂ ಹೇಗೆ? ಒಳಗೆ ಇಳಿಯಲು ದಾರಿಯನ್ನೇ ಬಿಟ್ಟಿರಲಿಲ್ಲ.

ಜೆಸಿಬಿ ಎರಡು ದಿನ ಕೆಲಸ ಮಾಡಿತು. ಗುಂಡಿ ಬಯಲಾಯಿತು: 20 ಅಡಿ ಉದ್ದ, 10 ಅಡಿ ಅಗಲ, 5 ಅಡಿ ಆಳ. ಸಾವಿರ ಘನ ಅಡಿ, ಅಂದರೆ 28,000 ಲೀಟರಿನ ಮೇಲೆ. ದೊಡ್ಡದು ಅನ್ನಿಸಿತು. ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ನಗು ಬಂತು.

ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. ನಮ್ಮ ಕಾಲುವೆಗೆ ನೀರು ಕೊಡುವ ಬೀದಿಗಳು, ಮನೆಗಳು ಸುಮಾರು 40 ಹೆಕ್ಟೇರು. ಗಂಟೆಗೆ 50 ಮಿಲಿಮೀಟರ್ ಮಳೆ, ಅದರಲ್ಲಿ ನೂರಕ್ಕೆ 60 ಭಾಗ ಹರಿದು ಬಂತು ಅಂದುಕೊಳ್ಳಿ. ಒಂದು ಕೋಟಿ 20 ಲಕ್ಷ ಲೀಟರ್. ಸೆಕೆಂಡಿಗೆ 3,300 ಲೀಟರ್. ಅಂದರೆ ನೀರು ಹೂಳುಗುಂಡಿಯಲ್ಲಿ ಇರುವುದು ಎಂಟೂವರೆ ಸೆಕೆಂಡು. ಎಂಟೂವರೆ ಸೆಕೆಂಡಿನಲ್ಲಿ ಜಲ್ಲಿ ಕೂರಬಹುದು. ಹೂಳು ಕೂರುವುದಿಲ್ಲ.

ಹಾಗಂತ ಗುಂಡಿ ದಂಡ ಅಲ್ಲ. ಗಂಟೆಗೆ 10 ಮಿಲಿಮೀಟರಿನ ಸಾಧಾರಣ ಮಳೆಗೆ ನೀರು ನಲವತ್ತು ಸೆಕೆಂಡು ನಿಲ್ಲುತ್ತದೆ, ಮರಳು ಕೂರುತ್ತದೆ. ವರ್ಷದಲ್ಲಿ ಜಾಸ್ತಿ ಬರುವುದು ಅಂಥ ಮಳೆಯೇ. ಜೇಡಿಯಂಥ ನುಣ್ಣನೆ ಮಣ್ಣು ಮಾತ್ರ ಯಾವ ಗುಂಡಿಗೂ ನಿಲ್ಲದೆ ಕೆರೆಗೇ ಹೋಗುತ್ತದೆ. ಇಷ್ಟು ಒಪ್ಪಿಕೊಂಡು ಎರಡು ಕೆಲಸ ಮಾಡಿದೆವು. ಗುಂಡಿಯ ಅಡ್ಡಕ್ಕೆ, ತಳದಲ್ಲಿ ಎರಡಡಿ ಎತ್ತರದ ಒಂದು ಗೋಡೆ. ಜೋರು ಮಳೆಯಲ್ಲಿ ನೀರು ತಳದಲ್ಲಿ ಕೂತ ಮರಳನ್ನೇ ಎಬ್ಬಿಸಿಕೊಂಡು ಹೋಗದಿರಲಿ ಅಂತ. ಮತ್ತೆ ಒಂದು ಇಳಿಜಾರು, ಜನ ಬಾಂಡ್ಲಿ ಹಿಡಿದು ಇಳಿಯುವಂಥದ್ದು.

ತೆಗೆದ ಹೂಳನ್ನು ಏನು ಮಾಡುವುದು? ಹಳೇ ಊರಿನ ತಾತ ಒಬ್ಬರಿದ್ದಾರೆ. ಅವರಪ್ಪ ಈ ಕೆರೆಯ ನೀರುಗಂಟಿ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಅಂತ ಬಿಡುತ್ತಿದ್ದವರು. ತಾತ ಹೇಳುವಂತೆ ಬೇಸಿಗೆಯಲ್ಲಿ ಕೆರೆಯ ಗೋಡು ಹೊಡೆಯಲು ಗಾಡಿಗಳು ಸಾಲು ನಿಲ್ಲುತ್ತಿದ್ದವು. ಹೊಲಕ್ಕೆ ಅದೇ ಗೊಬ್ಬರ. ಕೆರೆಗೆ ಅದೇ ಹೂಳೆತ್ತುವ ಕೆಲಸ. ನಾವು ತೆಗೆದ ಹೂಳನ್ನು ಅವರು ಕೈಯಲ್ಲಿ ಹಿಡಿದು ಮೂಸಿದರು. ಅದರಲ್ಲಿ ಶಾಂಪೂ ಪ್ಯಾಕೆಟ್ಟು, ಗಾಜಿನ ಚೂರು, ಸೂಜಿ.

"ಇದ್ನ ಹೊಲುಕ್ಕಾಕ್ತೀರಾ ಸ್ವಾಮಿ? ಹೊಲ ಏನ್ ತಪ್ ಮಾಡ್ತು?"

ಪಾಲಿಕೆಯ ಇಂಜಿನಿಯರ್ ತೋರಿಸಿದ ಜಾಗಕ್ಕೆ ಲಾರಿಯಲ್ಲಿ ಕಳಿಸಿದೆವು.

ಮಾರ್ಚ್: ಬಕೆಟ್ಟಿನ ಲೆಕ್ಕ

ಮಳೆ ಇಲ್ಲದ ದಿನವೂ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಯಾರ ಮನೆಯ ನೀರು ಅಂತ ಹೇಳಬೇಕಾಗಿಲ್ಲ, ವಾಸನೆಯೇ ಹೇಳುತ್ತದೆ. ಎಲ್ಲರ ಒಂದೇ ಕೂಗು: ಅಡ್ಡ ಗೋಡೆ ಹಾಕಿ, ಪೈಪಿನಲ್ಲಿ ಎಳೆದು ಒಳಚರಂಡಿಗೆ ಬಿಟ್ಟುಬಿಡಿ. ಇಂಜಿನಿಯರ್ ಸಾಹೇಬರೂ ಒಪ್ಪಿದ್ದರು.

ಮೊದಲು ಎಷ್ಟು ಬರುತ್ತದೆ ಅಂತ ಅಳೆಯೋಣ ಅಂದೆ. ಕಾಲುವೆಗೆ ಅಡ್ಡ ಮರಳಿನ ಚೀಲ ಇಟ್ಟು, ನಡುವೆ ನಾಲ್ಕಿಂಚಿನ ಪಿವಿಸಿ ಪೈಪು ಹಾಯಿಸಿದೆವು. ಪೈಪಿನ ಬಾಯಿಗೆ 20 ಲೀಟರಿನ ಬಕೆಟ್ಟು, ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚು. ಬೆಳಿಗ್ಗೆ ಎಂಟಕ್ಕೆ ನಾಲ್ಕು ಸೆಕೆಂಡಿಗೆ ತುಂಬಿತು. ರಾತ್ರಿ ಎರಡಕ್ಕೆ ಹದಿನೈದು ಸೆಕೆಂಡು ಬೇಕಾಯಿತು. (ರಾತ್ರಿ ಎರಡಕ್ಕೆ ಬಂದವರು ನಾನು ಮತ್ತು ಒಂದು ಬೀದಿ ನಾಯಿ.) ಇಡೀ ದಿನದ ಸರಾಸರಿ ತೆಗೆದರೆ ಏಳು ಸೆಕೆಂಡಿಗೆ ಒಂದು ಬಕೆಟ್ಟು. ದಿನಕ್ಕೆ ಎರಡೂವರೆ ಲಕ್ಷ ಲೀಟರ್, ಸ್ವಲ್ಪ ಕಡಿಮೆ.

ಆಮೇಲೆ ಇನ್ನೊಂದು ಲೆಕ್ಕ. ಬೇಸಿಗೆಯಲ್ಲಿ ಕೆರೆಯ ನೀರು ದಿನಕ್ಕೆ ಐದು ಮಿಲಿಮೀಟರಿನಷ್ಟು ಆವಿಯಾಗಿ ಹೋಗುತ್ತದೆ ಅಂತ ಹಿಡಿದೆ. 12 ಎಕರೆ ಅಂದರೆ 48,500 ಚದರ ಮೀಟರ್. ಐದು ಮಿಲಿಮೀಟರಿಗೆ ಎರಡು ಲಕ್ಷ 42 ಸಾವಿರ ಲೀಟರ್.

ಪೆನ್ನು ಕೆಳಗಿಟ್ಟು ಹೊರಗೆ ಹೋಗಿ ಒಂದು ಕಾಫಿ ಕುಡಿದು ಬಂದೆ. ಮತ್ತೆ ಲೆಕ್ಕ ಹಾಕಿದೆ. ಅದೇ ಬಂತು.

ಬಿಸಿಲು ಎಷ್ಟು ಕುಡಿಯುತ್ತಿದೆಯೋ ಅಷ್ಟೇ ನೀರನ್ನು ಕೊಳಚೆ ಕೆರೆಗೆ ತುಂಬುತ್ತಿದೆ. ಕೊಳಚೆ ತಡೆದರೆ ಬೇಸಿಗೆಗೆ ಕೆರೆಯಲ್ಲಿ ಕ್ರಿಕೆಟ್ ಆಡಬಹುದು. ಹಾಗೆ ಒಣಗಿದ ಕೆರೆ ಬೆಂಗಳೂರಿನಲ್ಲಿ ಎಷ್ಟು ದಿನ ಕೆರೆಯಾಗಿ ಉಳಿಯುತ್ತದೆ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಪುಟ್ಟೇನಹಳ್ಳಿಯವರಿಗೂ ಇದೇ ಕಷ್ಟ ಬಂದಿತ್ತು. ಅವರು ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಶುದ್ಧೀಕರಿಸಿದ ನೀರನ್ನು ಕೆರೆಗೆ ತಂದುಕೊಂಡರು. ನಮ್ಮ ಸುತ್ತ ಅಂಥ ದೊಡ್ಡ ಅಪಾರ್ಟ್‌ಮೆಂಟ್ ಇಲ್ಲ. ಜಕ್ಕೂರಿಗೂ ಹೋಗಿ ನೋಡಿದೆವು. 160 ಎಕರೆಯ ಕೆರೆ ಅದು. ಮೇಲ್ಗಡೆ ಕೊಳಚೆ ಶುದ್ಧ ಮಾಡುವ ಘಟಕ, ಅಲ್ಲಿಂದ ಬಂದ ನೀರು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾದು ಕೆರೆ ಸೇರುತ್ತದೆ. ನಮಗೆ ಘಟಕದ ಯೋಗ್ಯತೆ ಇಲ್ಲ. ಜೌಗಿನ ಯೋಗ್ಯತೆ ಇರಬಹುದು ಅನ್ನಿಸಿತು.

ದಿನಕ್ಕೆ ಎರಡೂವರೆ ಲಕ್ಷ ಲೀಟರ್, ಮೂರು ದಿನ ನಿಲ್ಲಬೇಕು, ಆಳ ಎರಡಡಿ. ಲೆಕ್ಕ ಹಾಕಿದರೆ ಹನ್ನೆರಡು ಗುಂಟೆ ಜಾಗ ಬೇಕು. ಕಾಲುವೆ ಬಂದು ಸೇರುವ ಮೂಲೆಯಲ್ಲಿ ಅಷ್ಟು ಜಾಗ ನಕ್ಷೆಯಲ್ಲಿದೆ. ಆದರೆ ಅಲ್ಲಿ ತಗಡಿನ ಬೇಲಿ, ಬೇಲಿಯೊಳಗೆ ಟೆಂಪೋಗಳು, ಒಂದು ಗೋದಾಮು.

ಜೂನ್‌ನಿಂದ ನವೆಂಬರ್: ಕಲ್ಲು ಹುಡುಕಿದ್ದು

ಇದು ರಿಪೇರಿ ಅಲ್ಲ ಅನ್ನಬಹುದು. ನನ್ನ ಪ್ರಕಾರ ಇದೇ ದೊಡ್ಡ ರಿಪೇರಿ.

ಹದ್ದುಬಸ್ತಿಗೆ, ಅಂದರೆ ಸರ್ವೆಯರ್ ಬಂದು ಕೆರೆಯ ಗಡಿ ಅಳೆದು ಗುರುತಿಸಲಿ ಅಂತ, ಅರ್ಜಿ ಹಾಕಿದೆವು. ಪಹಣಿ, ಗ್ರಾಮ ನಕ್ಷೆ, ಟಿಪ್ಪಣಿ (ಹಳೇ ಸರ್ವೆಯ ಅಳತೆ ಬರೆದ ಹಾಳೆ) ಎಲ್ಲ ಒಂದು ಫೈಲಿಗೆ ಹಾಕಿ ಖಜಾಂಚಿ ಮೇಡಂ ಕಚೇರಿಯಿಂದ ಕಚೇರಿಗೆ ಓಡಾಡಿದರು. ಫೈಲು ಒಂದು ಸಲ ಕಾಣೆಯಾಯಿತು. ಅವರ ಹತ್ತಿರ ಜೆರಾಕ್ಸ್ ಎರಡು ಸೆಟ್ ಇತ್ತು. ಪಹಣಿ ಓದುವುದನ್ನು ಕಲಿತಿದ್ದು ಆಗಲೇ. ಕಾಲುವೆ, ದಾರಿ ಇವೆಲ್ಲ 'ಬಿ' ಖರಾಬು ಅಂತ ಇರುತ್ತದೆ. ಸಾರ್ವಜನಿಕರದ್ದು, ಯಾರೂ ಮಾರುವಂತಿಲ್ಲ. ಬೆಂಗಳೂರಿನಲ್ಲಿ ಕಳೆದುಹೋಗುವುದು ಹೆಚ್ಚಾಗಿ ಈ ಖರಾಬೇ. ಕಾಗದದಲ್ಲಿ ಇರುತ್ತದೆ, ನೆಲದಲ್ಲಿ ಇರುವುದಿಲ್ಲ.

ಸರ್ವೆಯರ್ ಬಂದದ್ದು ಸೆಪ್ಟೆಂಬರಿನಲ್ಲಿ. ಕೈಯಲ್ಲಿ ಹೊಸ ಯಂತ್ರ, ಆದರೆ ಯಂತ್ರಕ್ಕೂ ಎಲ್ಲಿಂದ ಶುರು ಮಾಡಬೇಕು ಅಂತ ಒಂದು ಹಳೇ ಕಲ್ಲು ಬೇಕು. ಟಿಪ್ಪಣಿಯ ಅಳತೆಗಳು ಚೈನು, ಆಣೆಯ ಲೆಕ್ಕ. ಒಂದು ಚೈನಿಗೆ 33 ಅಡಿ, ಹದಿನಾರು ಆಣೆ. 33 ಅಡಿಗೆ 33 ಅಡಿ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಯಾರೋ ಹುಣಸೆ ಮರದ ನೆರಳಿನಲ್ಲಿ ಕೂತು ಬರೆದ ಆಣೆಯ ಲೆಕ್ಕಕ್ಕೆ ಇವತ್ತಿನ ಉಪಗ್ರಹದ ಲೆಕ್ಕ ಜೋಡಿಸಬೇಕು. ನನಗೆ ಆ ಕೆಲಸ ತುಂಬಾ ಇಷ್ಟವಾಯಿತು.

ಕಲ್ಲು ಎಲ್ಲಿ? ಮೂರು ಊರಿನ ಗಡಿ ಸೇರುವ ಕಲ್ಲೊಂದು ಇರಬೇಕು ಅಂದರು ಸರ್ವೆಯರ್. ತಾತನನ್ನು ಕುರ್ಚಿ ಸಮೇತ ಕರೆದುಕೊಂಡು ಬಂದೆವು. ಸುತ್ತ ನೋಡಿದರು. ಎಲ್ಲ ಮನೆಗಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಂಗೆ ಮರ ಎಲ್ಲಪ್ಪಾ?" ಅಂದರು. ಮರ ಇರಲಿಲ್ಲ. ಒಂದು ಮನೆಯ ಕಾಂಪೌಂಡಿನ ಹೊರಗೆ ಕಡಿದ ಮರದ ಬುಡ ಇತ್ತು, ಅದರ ಮೇಲೆ ಯಾರೋ ತುಳಸಿ ಕುಂಡ ಇಟ್ಟಿದ್ದರು. "ಅದ್ರು ಮೂಡ್ಲಾಗೆ ನಾಕ್ ಹೆಜ್ಜೆ. ನಮ್ಮಪ್ಪ ಅಲ್ಲೇ ಕೂತ್ಕಂಡು ಬೀಡಿ ಸೇದ್ತಿದ್ದ." ಎರಡೂವರೆ ಅಡಿ ಅಗೆದ ಮೇಲೆ ಹಾರೆಗೆ ಟಣ್ ಅಂತು. ಚೌಕ ಕಲ್ಲು. ಆ ಮನೆಯ ಅಕ್ಕ ಅದಕ್ಕೆ ಅರಿಶಿನ ಕುಂಕುಮ ಇಟ್ಟುಬಿಟ್ಟರು. ಸರ್ವೆಯರ್ ಏನೂ ಅನ್ನಲಿಲ್ಲ, ಯಂತ್ರವನ್ನು ತಂದು ಅದರ ಮೇಲೆಯೇ ನಿಲ್ಲಿಸಿದರು.

ಅಳತೆ ಮುಗಿದಾಗ ಒತ್ತುವರಿ ಒಂಬತ್ತು ಗುಂಟೆ ಅಂತಾಯಿತು. ತಗಡಿನ ಬೇಲಿ ಪೂರ್ತಿ ಒಳಗೆ. ಗೋದಾಮಿನ ಹಿಂದಿನ ಗೋಡೆಯೂ ಒಳಗೆ. ಬೇಲಿ ಮತ್ತು ಟೆಂಪೋ ನವೆಂಬರಿನಲ್ಲಿ ಹೋದವು, ಜಗಳವಿಲ್ಲದೆ ಹೋದವು. ಗೋಡೆ ಹೋಗಲಿಲ್ಲ. ಅದರ ವಿಷಯ ನಡೆಯುತ್ತಿದೆ.

ಕೆರೆಯ ಅಂಚಿನಿಂದ ಎಷ್ಟು ದೂರ ಕಟ್ಟಡ ಬರಬಾರದು ಅನ್ನುವ ಜಗಳ ಬೇರೆ ಇದೆ. 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಅಂದಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ನಮ್ಮ ಕೆರೆಗೆ ಆ ಚರ್ಚೆ ಇನ್ನೂ ಬಂದಿಲ್ಲ. ಅಂಚಿನ ಹೊರಗಿನ ಮಾತು ಆಮೇಲೆ, ಅಂಚು ಎಲ್ಲಿದೆ ಅಂತ ಗೊತ್ತಾಗಿದ್ದೇ ಈಗ.

2024 ಫೆಬ್ರವರಿಯಿಂದ ಏಪ್ರಿಲ್: ಜೌಗು ಕಟ್ಟಿದ್ದು

ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಮಾರ್ಚಿಗೆ ಊರೆಲ್ಲ ಟ್ಯಾಂಕರಿನದೇ ಮಾತು. ಕೆರೆಯ ಅಂಗಳ ಅರ್ಧ ಬಿರುಕು ಬಿಟ್ಟಿತ್ತು. ಬೇಸರದ ವಿಷಯ, ಆದರೆ ಕೆಲಸಕ್ಕೆ ಅನುಕೂಲ.

ಗೋದಾಮಿನ ಗೋಡೆಯಿಂದ ದೂರ ಬಿಟ್ಟು ನಮಗೆ ಉಳಿದದ್ದು ಏಳು ಗುಂಟೆ. ಅದರ ಸುತ್ತ ಮೂರಡಿ ಎತ್ತರದ ಮಣ್ಣಿನ ಏರಿ. ಒಂದಡಿ ಎತ್ತರಕ್ಕೆ ಎರಡಡಿ ಇಳಿಜಾರು. ಅರ್ಧ ಅಡಿ ಮಣ್ಣು, ನೀರು ಚಿಮುಕಿಸಿ ದಮ್ಮಸ್ಸು, ಮತ್ತೆ ಅರ್ಧ ಅಡಿ. ಕಾಲುವೆಯ ತಳದಲ್ಲಿ ಗೇಣೆತ್ತರದ ಅಡ್ಡಗಟ್ಟೆ, ಅದರ ಪಕ್ಕದಿಂದ ಆರಿಂಚಿನ ಪೈಪು ಜೌಗಿಗೆ. ದಿನದ ಕೊಳಚೆ ಪೈಪಿನಲ್ಲಿ ಹೋಗುತ್ತದೆ. ಮಳೆ ಬಂದರೆ ನೀರು ಅಡ್ಡಗಟ್ಟೆ ಹಾರಿ ನೇರ ಕೆರೆಗೆ. ಇದನ್ನು ಮರೆತರೆ ಮೊದಲ ಮಳೆಗೇ ಜೌಗು ಕೊಚ್ಚಿಹೋಗುತ್ತದೆ.

ನೀರು ಬಿಟ್ಟ ಮೂರನೇ ದಿನ ಏರಿಯ ಹೊರಗೆ ಜಿನುಗು. ಐದನೇ ದಿನ ಬೆರಳು ಗಾತ್ರದ ಧಾರೆ. ಏಡಿ ತೂತು ಇರಬೇಕು ಅಂತ ಮೇಸ್ತ್ರಿ ಸಿಮೆಂಟು ಕಲಸಲು ಶುರು ಮಾಡಿದ. ತಾತ ಕೋಲೂರಿಕೊಂಡು ಬಂದು ನೋಡಿದರು. "ಬುಡ್ದಾಗೆ ಚರಂಡಿ ಹೊಡ್ದು ಜೇಡಿಮಣ್ಣು ತುಳ್ದ್ರಾ?" ಇಲ್ಲ ತಾತ ಅಂದೆ. "ಮತ್ತೆ ನೀರು ಇನ್ನೇನ್ ಮಾಡ್ತದೆ?"

ಅವರು ಹೇಳಿದ್ದು ಸರಿ. ಸಡಿಲ ನೆಲದ ಮೇಲೆ ಎಷ್ಟು ಗಟ್ಟಿ ಏರಿ ಕೂರಿಸಿದರೂ ನೀರು ಅಡಿಯಿಂದ ದಾರಿ ಮಾಡಿಕೊಳ್ಳುತ್ತದೆ. ನೀರು ಇಳಿಸಿ, ಸೋರುವ ಕಡೆ ಏರಿಯನ್ನು ಮೂವತ್ತು ಅಡಿ ಉದ್ದಕ್ಕೆ ಸೀಳಿ, ಗಟ್ಟಿ ನೆಲ ಸಿಗುವವರೆಗೆ ಎರಡಡಿ ಆಳದ ಚರಂಡಿ ತೆಗೆದೆವು. ಜೇಡಿಮಣ್ಣು ನೆನೆಹಾಕಿ ತುಂಬಿ ಕಾಲಿನಿಂದ ತುಳಿದೆವು. ಹಿಂದೆ ಎಮ್ಮೆ ಓಡಾಡಿಸುತ್ತಿದ್ದರಂತೆ. ನಮ್ಮಲ್ಲಿ ಶಾಲೆ ಮಕ್ಕಳು ಬಂದರು. ಎರಡು ಗಂಟೆ ಕುಣಿದರು. ಮನೆಗೆ ಹೋದ ಮೇಲೆ ಅವರ ಅಮ್ಮಂದಿರು ನಮ್ಮನ್ನು ಬೈದಿರಬೇಕು, ಸೋರುವುದಂತೂ ನಿಂತಿತು.

ಗಿಡಗಳಲ್ಲೂ ಒಂದು ಪೆಟ್ಟು ತಿಂದೆವು. ಜೊಂಡಿನ ಗಡ್ಡೆ ನೆಟ್ಟ ದಿನವೇ ಎರಡಡಿ ನೀರು ತುಂಬಿಸಿದೆವು. ಬೇರು ಹಿಡಿದಿರಲಿಲ್ಲ, ಅರ್ಧಕ್ಕರ್ಧ ಕಿತ್ತುಕೊಂಡು ತೇಲಿದವು. ಮತ್ತೆ ನೆಟ್ಟಾಗ ಬರೀ ಕೆಸರು ಇಟ್ಟು, ಚಿಗುರು ಬಂದಂತೆ ನೀರು ಏರಿಸಿದೆವು. ಅಂಚಿಗೆ ಲಾವಂಚ, ಕಾಬಾಳೆ. ಕಾಬಾಳೆಯನ್ನು ಒಂದು ಹಸು ಬಂದು ತಿಂದುಹೋಯಿತು. ಲಾವಂಚ ಮುಟ್ಟಲಿಲ್ಲ.

ಜೂನ್ 2, ಭಾನುವಾರ

ಅವತ್ತು ಬೆಂಗಳೂರಿನಲ್ಲಿ 111 ಮಿಲಿಮೀಟರ್ ಮಳೆ. ಜೂನ್ ತಿಂಗಳ ಒಂದೇ ದಿನದಲ್ಲಿ ಅಷ್ಟು ಸುರಿದು ನೂರು ವರ್ಷದ ಮೇಲಾಗಿತ್ತಂತೆ. ಸಂಜೆ ಶುರುವಾದಾಗ ನಾವು ನಾಲ್ಕು ಜನ ಕೊಕ್ಕೆ ಹಿಡಿದು ಜಾಲರಿಯ ಹತ್ತಿರ ನಿಂತೆವು. ಸ್ವಲ್ಪ ಹೊತ್ತಿನಲ್ಲೇ ಮುಂದೇನೂ ಕಾಣದ ಹಾಗಾಯಿತು, ಬರೀ ಶಬ್ದ.

ಕಸ ಮೇಲಕ್ಕೆ ಜಾರಿತು. ಡ್ರಾಯಿಂಗಿನಲ್ಲಿ ಬರೆದ ಹಾಗೆಯೇ ಜಾರಿತು. ಎಳೆದು ಎಳೆದು ಮೇಲೆ ಹಾಕಿದೆವು. ಒಂದು ಹಂತದಲ್ಲಿ ಕೈ ಸೋತು ನಿಲ್ಲಿಸಿದೆವು, ಜಾಲರಿ ಕಟ್ಟಿಕೊಂಡಿತು, ನೀರು ಅದನ್ನು ಹತ್ತಿ ದಾಟಿತು. ಬೀದಿಗೆ ಹೋಗಲಿಲ್ಲ. ಹಿಂದೆ ಜಾಲರಿ ಕಿತ್ತಿದ್ದ ಹುಡುಗರಲ್ಲಿ ಒಬ್ಬ ಅಲ್ಲಿಗೆ ಬಂದಿದ್ದ, ಮನೆಯಿಂದ ಟಾರ್ಚ್ ತಂದು ಹಿಡಿದುಕೊಂಡು ನಿಂತ. "ಅಂಕಲ್, ಗಡಾರಿ ಬೇಕಾ?" ಅಂದ. ತಮಾಷೆಗೆ ಅಂದನೋ ನಿಜಕ್ಕೂ ಅಂದನೋ ಗೊತ್ತಾಗಲಿಲ್ಲ.

ಮಾರನೇ ದಿನ ತೂಗಿ ನೋಡಿದೆವು. ಒದ್ದೆ ಕಸ 640 ಕೆ.ಜಿ. ಎರಡು ತೆಂಗಿನ ಗರಿ, ಒಂದು ಹೆಲ್ಮೆಟ್, ಅರ್ಧ ಸೋಫಾ. ಹೂಳುಗುಂಡಿ ಮುಕ್ಕಾಲು ತುಂಬಿತ್ತು, ಎಲ್ಲ ದಪ್ಪ ಮರಳು. ಜೌಗಿನ ಏರಿ ನಿಂತಿತ್ತು. ಡ್ರಮ್ಮಿನ ಬೇಲಿ ಮಾತ್ರ ಹಗ್ಗ ಹರಿದು ಕೋಡಿಯ ಹತ್ತಿರ ಹೋಗಿ ಕೂತಿತ್ತು. ಈಗ ಸ್ಟೀಲ್ ವೈರ್ ಹಾಕಿದ್ದೇವೆ.

ನವೆಂಬರ್: ಈಗಿನ ಸ್ಥಿತಿ

ಏಳು ಗುಂಟೆಯಲ್ಲಿ ನೀರು ನಿಲ್ಲುವುದು ಮೂರು ದಿನವಲ್ಲ, ಒಂದು ದಿನ ಮುಕ್ಕಾಲು. ಅಷ್ಟರಲ್ಲಿ ಕೊಳಚೆ ಶುದ್ಧವಾಗುವುದಿಲ್ಲ. ಸ್ವಲ್ಪ ಸುಧಾರಿಸುತ್ತದೆ. ಊಟದ ತಟ್ಟೆಗೆ ಕಪ್ಪು ಬಿಳುಪು ಬಣ್ಣ ಬಳಿದು, ದಾರ ಕಟ್ಟಿ ನೀರಿಗೆ ಇಳಿಸುತ್ತೇವೆ. ಕಾಣದಾದ ಆಳ ಬರೆದುಕೊಳ್ಳುತ್ತೇವೆ, ಆಳ ಜಾಸ್ತಿ ಆದಷ್ಟೂ ನೀರು ತಿಳಿ ಅಂತ ಅರ್ಥ. ಹಿಂದಿನ ವರ್ಷ ನವೆಂಬರಿನಲ್ಲಿ 20 ಸೆಂಟಿಮೀಟರ್, ಈ ವರ್ಷ 34. ಈ ಸಲ ಮಳೆ ಚೆನ್ನಾಗಿ ಆಗಿದೆ, ಆದ್ದರಿಂದ ಎಲ್ಲ ಜೌಗಿನ ಪ್ರತಾಪ ಅಂತ ನಾನು ಹೇಳುವುದಿಲ್ಲ. ಜೌಗಿನಲ್ಲಿ ಎರಡು ಗುಳುಮುಳುಕ ಗೂಡು ಕಟ್ಟಿದ್ದವು, ಅದನ್ನು ಹಕ್ಕಿ ನೋಡುವವರು ನನಗಿಂತ ಚೆನ್ನಾಗಿ ಬರೆಯುತ್ತಾರೆ.

ಜೊಂಡನ್ನು ವರ್ಷಕ್ಕೊಮ್ಮೆ ಕೊಯ್ಯಲೇಬೇಕು. ಬಿಟ್ಟರೆ ಅಲ್ಲೇ ಕೊಳೆತು, ಹೀರಿಕೊಂಡದ್ದನ್ನೆಲ್ಲ ನೀರಿಗೇ ವಾಪಸ್ ಕೊಡುತ್ತದೆ. ಕೊಯ್ದ ಜೊಂಡು ಯಾರಿಗಾದರೂ ಚಾಪೆಗೋ ಬುಟ್ಟಿಗೋ ಬೇಕಿದ್ದರೆ ತಿಳಿಸಿ, ಕೊಡುತ್ತೇವೆ.

ಗೋದಾಮಿನ ಗೋಡೆ ಅಲ್ಲೇ ಇದೆ. ಮೇಡಂ ಮುಂದಿನ ತಾರೀಖಿಗೆ ಹೋಗುತ್ತಾರೆ, ಜೆರಾಕ್ಸ್ ಈಗ ಮೂರು ಸೆಟ್.

ಆಯುಧಪೂಜೆಯ ಬೂದುಗುಂಬಳ, ಬಾಳೆಕಂದು ಎಳೆಯುವಾಗ ಕೊಕ್ಕೆಯ ಎರಡು ಹಲ್ಲು ಬಾಗಿವೆ. 12 ಮಿಲಿಮೀಟರ್ ಸರಳು ಸಾಲಲಿಲ್ಲ, 16 ಹಾಕಬೇಕು. ಭಾನುವಾರ ಬೆಳಿಗ್ಗೆ ಏಳಕ್ಕೆ ಶೆಡ್ಡಿನ ಹತ್ತಿರ ವೆಲ್ಡಿಂಗ್. ಗ್ಲೌಸ್ ಇರುವವರು ತನ್ನಿ, ನಮ್ಮಲ್ಲಿರುವುದು ಮೂರು ಜೊತೆ. ಅದರಲ್ಲಿ ಎರಡು ಎಡಗೈದು.